ಅವಳ ಜೊತೆ ನಿಲ್ಲುವವರಿಗೆ ಎಂಟು ಸೂತ್ರಗಳು

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವಳು ಹೆಚ್ಚಾಗಿ ಮೊದಲು ಬಾಯಿ ಬಿಡುವುದು ಪೊಲೀಸರ ಮುಂದಲ್ಲ. ಅಕ್ಕನ ಹತ್ತಿರ, ಗೆಳತಿಯ ಹತ್ತಿರ, ಅಂಗನವಾಡಿ ಟೀಚರ್ ಹತ್ತಿರ. ಆ ಜಾಗದಲ್ಲಿ ನೀವಿದ್ದರೆ ಇಷ್ಟು ನೆನಪಿರಲಿ.

1. ಮೊದಲು ನಂಬಿ. "ಅಷ್ಟೊತ್ತಲ್ಲಿ ಅಲ್ಲಿಗ್ಯಾಕೆ ಹೋಗಿದ್ದೆ?", "ಕೂಗೋದಲ್ವಾ?" ಎಂಬ ಮಾತು ಬಾಯಿಗೆ ಬಂದರೂ ನುಂಗಿಬಿಡಿ. ಭಯಕ್ಕೆ ಮೈ ಮರಗಟ್ಟುತ್ತದೆ, ದನಿಯೇ ಹೊರಡುವುದಿಲ್ಲ. ಹೇಳುವಾಗ ಹಿಂದುಮುಂದಾಯಿತು, ಕೆಲವು ನೆನಪಾಗಲಿಲ್ಲ ಎಂದರೆ ಅದು ಸುಳ್ಳಲ್ಲ. "ನಿನ್ನ ತಪ್ಪೇನೂ ಇಲ್ಲ, ನಾನಿದ್ದೀನಿ" ಎಂದರೆ ಸಾಕು.

2. ಆಸ್ಪತ್ರೆಗೆ ತಡಮಾಡಬೇಡಿ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಲೇಬೇಕು. ಗರ್ಭ ತಡೆಯುವ ಮಾತ್ರೆಯೂ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಸರ್ಕಾರಿಯಿರಲಿ, ಖಾಸಗಿಯಿರಲಿ, ತಕ್ಷಣದ ಚಿಕಿತ್ಸೆ ಉಚಿತ. "ಮೊದಲು ಎಫ್‌ಐಆರ್ ತನ್ನಿ" ಎನ್ನುವಂತಿಲ್ಲ. ಚಿಕಿತ್ಸೆ ಕೊಡದಿದ್ದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು. ಅಂದು ತೊಟ್ಟಿದ್ದ ಬಟ್ಟೆ ಒಗೆಯಬೇಡಿ, ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಂತು ಸಾಕ್ಷ್ಯ ಕೆಡುತ್ತದೆ. ಸ್ನಾನ ಆಗಿಹೋಗಿದೆಯೇ? ಆದರೂ ಹೋಗಿ. ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆಗೆ ಯಾರಾದರೂ ಮುಂದಾದರೆ ತಡೆಯಿರಿ. ಅದನ್ನು ಮಾಡುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಉಳಿದ ಪರೀಕ್ಷೆಗೂ ಅವಳ ಒಪ್ಪಿಗೆ ಬೇಕು. ಬೇಡ ಎಂದಳೆಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ.

3. ತೀರ್ಮಾನ ಅವಳದು. ದೂರು ಕೊಡಬೇಕೇ, ಯಾವಾಗ, ಮನೆಯಲ್ಲಿ ಯಾರಿಗೆ ಹೇಳಬೇಕು, ಎಲ್ಲವೂ. ಒಮ್ಮೆ ಅವಳ ಇಷ್ಟವನ್ನು ತುಳಿದಾಗಿದೆ. ಒಳ್ಳೆಯದಕ್ಕೇ ಎಂದು ನಾವೂ ತುಳಿಯಬಾರದು. ಮಕ್ಕಳ ವಿಷಯ ಮಾತ್ರ ಬೇರೆ. 18 ತುಂಬದವರ ಮೇಲಿನ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

4. ಠಾಣೆಗೆ ಜೊತೆಯಲ್ಲೇ ಹೋಗಿ. "ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ" ಎಂದರೆ "ಝೀರೋ ಎಫ್‌ಐಆರ್ ಮಾಡಿ" ಎನ್ನಿ. ಯಾವ ಠಾಣೆಯಲ್ಲಾದರೂ ದಾಖಲಿಸಬೇಕು. ಹೇಳಿಕೆ ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಎಫ್‌ಐಆರ್ ಪ್ರತಿ ಉಚಿತ, ಕೈಗೆ ಬರುವವರೆಗೆ ಏಳಬೇಡಿ.

5. ಹೆಸರು ಹೊರಬಿಡಬೇಡಿ. ಫೋಟೊ, ಮನೆ, ಕಾಲೇಜು, ತಂದೆಯ ಹೆಸರು, ಯಾವುದನ್ನೂ. ವಾಟ್ಸ್ಆಪ್ ಸ್ಟೇಟಸ್‌ನಲ್ಲಿ ನ್ಯಾಯ ಕೇಳುವವರಿಗೂ ಇದು ಅನ್ವಯ. ಗುರುತು ಪ್ರಕಟಿಸಿದರೆ ಎರಡು ವರ್ಷದವರೆಗೆ ಶಿಕ್ಷೆಯಿದೆ.

6. ರಾಜಿ ಪಂಚಾಯ್ತಿಗೆ ಕೂರಬೇಡಿ. "ಮದುವೆ ಮಾಡಿಸಿಬಿಡೋಣ, ಮರ್ಯಾದೆ ಉಳಿಯುತ್ತೆ" ಎನ್ನುವ ಹಿರಿಯರಿಗೆ ನೇರವಾಗಿ ಹೇಳಿ: ಅತ್ಯಾಚಾರದಲ್ಲಿ ರಾಜಿಯ ಮಾತೇ ಇಲ್ಲವೆಂದು 2015ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆರೋಪಿಯು ದೂರು ಕೊಟ್ಟವಳಿಂದಲೇ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶ ಹೈಕೋರ್ಟ್ ಹಾಕಿದ್ದ ಜಾಮೀನು ಷರತ್ತನ್ನೂ 2021ರಲ್ಲಿ ಸುಪ್ರೀಂ ಕೋರ್ಟ್ ಕಿತ್ತುಹಾಕಿತು. ಹೋದದ್ದು ಅವಳ ಮರ್ಯಾದೆಯಲ್ಲ.

7. ಜನ ಚದುರಿದ ಮೇಲೆ ಉಳಿಯಿರಿ. ಮೊದಲ ವಾರ ಮನೆ ತುಂಬ ಜನ. ಆರು ತಿಂಗಳ ನಂತರ ಕೋರ್ಟಿನ ವಾಯಿದೆ ದಿನ ಬೆಳಗಿನ ಬಸ್ಸಿಗೆ ಅವಳು ಒಬ್ಬಳೇ. ಆ ದಿನ ಕೂಲಿ ಬಿಟ್ಟು ಜೊತೆಗೆ ಹೋಗುವವರು, ಅವಳ ಮಗುವನ್ನು ಶಾಲೆಯಿಂದ ಕರೆತಂದು ಊಟ ಹಾಕುವವರು ಬೇಕು. ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಪರಿಹಾರದ ಹಣಕ್ಕೂ ಅಲ್ಲಿಗೇ ಅರ್ಜಿ ಹಾಕಿ. ತೀರ್ಪು ಬರುವವರೆಗೆ ಕಾಯಬೇಕಿಲ್ಲ.

8. ಊರನ್ನು ಕೂಡಿಸಿ. ಮಹಾರಾಷ್ಟ್ರದ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಎಸಗಿದ್ದ ಆರೋಪದಿಂದ ಪೊಲೀಸರು ಸುಪ್ರೀಂ ಕೋರ್ಟಿನಲ್ಲಿ ಖುಲಾಸೆಯಾದಾಗ, 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಮಹಿಳಾ ಸಂಘಟನೆಗಳು ಬೀದಿಗಿಳಿದವು, 1983ರಲ್ಲಿ ಕಾನೂನೇ ಬದಲಾಯಿತು. ನಮ್ಮ ಮಟ್ಟದಲ್ಲೂ ಕೆಲಸವಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು; ನಿಮ್ಮ ಗಾರ್ಮೆಂಟ್ಸ್‌ನಲ್ಲಿ, ಆಫೀಸಿನಲ್ಲಿ ಇದೆಯೇ ಎಂದು ಕೇಳಿ. ಸ್ತ್ರೀಶಕ್ತಿ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಕಾನೂನು ನೆರವಿಗೆ 15100: ಈ ಮೂರು ನಂಬರನ್ನು ಪಂಚಾಯ್ತಿ ಕಚೇರಿ, ಹಾಲಿನ ಡೇರಿ, ಶಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಈ ವಾರವೇ ಬರೆಸಿ.