ಮಗುವಿಗೆ ಕೊಟ್ಟ ಕೌಲು

ನಮ್ಮ ಬಳ್ಳಾರಿಯ ಕೌಲ್ ಬಜಾರಿನ ಹೆಸರನ್ನು ದಿನವೂ ಹೇಳುವವರು ಬಹುಮಂದಿ. ಅದರ ಅರ್ಥವನ್ನು ಯೋಚಿಸಿದವರು ವಿರಳ. ಹಳೆಯ ಕಂದಾಯದ ಕಾಗದಪತ್ರಗಳಲ್ಲಿ ‘ಕೌಲು’ ಎಂದರೆ ಕರಾರು, ಕೊಟ್ಟ ಮಾತು, ಭರವಸೆ. ಇಂತಹ ಒಂದು ಕೌಲನ್ನು ಸಮಾಜವು ತನ್ನ ಪ್ರತಿಯೊಂದು ಮಗುವಿಗೂ ಕೊಟ್ಟಿದೆ. ಅದು ಯಾವುದು, ಅದನ್ನು ಯಾವಾಗ ನಡೆಸಿಕೊಡಬೇಕು ಎಂಬುದನ್ನು ವಿಚಾರ ಮಾಡುವುದೇ ಈ ಚಿಕ್ಕ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಚರಿತ್ರೆಯನ್ನು ನೋಡೋಣ. ನಮ್ಮ ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೆ ಮೊದಲು ಮದರಾಸಿಗೆ ಸೇರಿತ್ತು. ಭಾರತದ ಪ್ರಾಂತಗಳಲ್ಲಿ ಮಕ್ಕಳಿಗಾಗಿಯೇ ಒಂದು ಕಾಯಿದೆಯನ್ನು ಮೊದಲು ಮಾಡಿದುದು ಮದರಾಸು, ಅದು 1920ರಲ್ಲಿ. ತಪ್ಪು ಮಾಡಿದ ಮಕ್ಕಳು, ದಿಕ್ಕಿಲ್ಲದ ಮಕ್ಕಳು, ಇವರೇ ಆ ಕಾಯಿದೆಯ ಮುಖ್ಯ ವಿಷಯ. ಮಗು ಬೀದಿಗೆ ಬಿದ್ದ ಮೇಲೆ ಅದನ್ನು ಎತ್ತಿಕೊಳ್ಳುವ ಯೋಚನೆ ಅದರಲ್ಲಿತ್ತು. ಬೀಳುವ ಮೊದಲೇ ಮನೆಗೆ ಆಸರೆಯಾಗಬೇಕೆಂಬ ಯೋಚನೆ ದೇಶದಲ್ಲಿ ದೊಡ್ಡದಾಗಿ ರೂಪುಗೊಂಡುದು 1975ರ ಅಕ್ಟೋಬರ್ 2ರಂದು. ಅಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ನೆಲೆ ಟಿ. ನರಸೀಪುರ. ಇಂದು ಕೇರಿಕೇರಿಯಲ್ಲಿ ಕಾಣುವ ಅಂಗನವಾಡಿ ಈ ಯೋಜನೆಯ ಫಲವೇ ಆಗಿದೆ.

ಅಂಗನವಾಡಿ ಎಂದರೆ ಮಕ್ಕಳಿಗೆ ಊಟ ಕೊಡುವ ಸ್ಥಳವೆಂದಷ್ಟೇ ನಮ್ಮಲ್ಲಿ ಅನೇಕರ ತಿಳಿವಳಿಕೆ. ವಾಸ್ತವವಾಗಿ ಅದಕ್ಕೆ ಆರು ಕೆಲಸಗಳಿವೆ: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಗತ್ಯವಿದ್ದವರನ್ನು ಆಸ್ಪತ್ರೆಗೆ ಕಳುಹಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ. ಇವುಗಳ ಜೊತೆಗೆ ಬರೆಯದ ಏಳನೆಯ ಕೆಲಸವೊಂದಿದೆ. ಯಾವ ಮನೆಯಲ್ಲಿ ಕಷ್ಟ ಕಾಲಿಟ್ಟಿದೆ ಎಂಬುದು ಅಂಗನವಾಡಿಯ ಕಾರ್ಯಕರ್ತೆಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ನಮ್ಮ ಕೇರಿಯ ಒಂದು ಮನೆಯ ಮಾತನ್ನೇ ಹೇಳುತ್ತೇನೆ. ತಂದೆ ತೀರಿಕೊಂಡ ಮೇಲೆ ತಾಯಿ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಹೋಗಬೇಕಾಯಿತು. ಒಂಬತ್ತು ವರ್ಷದ ಮಗಳು ಶಾಲೆ ಬಿಟ್ಟು, ಮೂರು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತ, ಮನೆಗೆ ತಂದ ಪ್ಯಾಂಟುಗಳ ದಾರ ಕತ್ತರಿಸುತ್ತ ಕುಳಿತಳು. ಒಂದು ದಿನ ಅಂಗನವಾಡಿಯ ಟೀಚರಮ್ಮ ಬಾಗಿಲಲ್ಲಿ ನಿಂತು, “ಯಾಕಮ್ಮಾ, ಸಾಲಿಗೆ ಹೋಗಿಲ್ಲೇನು?” ಎಂದು ಕೇಳಿದರು. “ತಮ್ಮನ್ನ ಯಾರು ನೋಡ್ಕಂತಾರ ಟೀಚರ್?” ಎಂದಳು ಹುಡುಗಿ. ಟೀಚರಮ್ಮ ಬೈಯಲಿಲ್ಲ, ಹೆದರಿಸಲಿಲ್ಲ. ಸಂಜೆ ಪುನಃ ಬಂದು ತಾಯಿಯೊಡನೆ ಮಾತನಾಡಿದರು. ತಮ್ಮ ಅಂಗನವಾಡಿಗೆ ಸೇರಿದ. ಅಕ್ಕ ಶಾಲೆಗೆ ಹಿಂತಿರುಗಿದಳು.

ಇದರಲ್ಲೇನು ವಿಶೇಷ ಎಂದು ವಾಚಕರು ಕೇಳಬಹುದು. ನನ್ನ ಅಕ್ಕನೂ ನಾಲ್ಕನೆಯ ತರಗತಿಯಲ್ಲಿ ಪುಸ್ತಕ ಮುಚ್ಚಿದಳು. ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು ನಾನೇ. ಆಗ ನಮ್ಮ ಬಾಗಿಲಿಗೆ ಬಂದು ಕೇಳಿದವರು ಯಾರೂ ಇಲ್ಲ. ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಬಿ. ಎ. ಪರೀಕ್ಷೆಗೆ ಕೂಡುವ ಭಾಗ್ಯ ನನ್ನದಾಗಿದೆ. ಅದರ ಶುಲ್ಕವನ್ನು ಅಕ್ಕ ತನ್ನ ಬಾಲ್ಯದಿಂದ ಕಟ್ಟಿದ್ದಾಳೆ. ಆ ಹುಡುಗಿಗೂ ನನ್ನ ಅಕ್ಕನಿಗೂ ಇರುವ ಅಂತರ, ತಕ್ಕ ಸಮಯದಲ್ಲಿ ಕೇಳಿದ ಒಂದು ಪ್ರಶ್ನೆ ಮಾತ್ರ.

ಕಾಯಿದೆಗಳಿಗೆ ಕೊರತೆಯಿಲ್ಲ. ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದು, 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಹಕ್ಕಾಗಿ ಮಾಡಿತು. ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸಿತು. ಆದರೆ ಶಾಲೆಯ ವೇಳೆ ಬಿಟ್ಟು ಮನೆಯವರ ಕಸುಬಿಗೆ ನೆರವಾಗಲು ಅವಕಾಶ ಉಳಿಯಿತು. ಮನೆಯೊಳಗೆ ಕುಳಿತು ದಾರ ಕತ್ತರಿಸುವ ಮಗು ಯಾವ ಇನ್ಸ್‌ಪೆಕ್ಟರರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ನೆರೆಯವರ ಕಣ್ಣಿಗೆ ಬೀಳುತ್ತದೆ.

‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ಕೋಟೆಯ ಊರಿನವರಾದ ನಮಗೆ ಹೊಸದಲ್ಲ. 2015ರ ಬಾಲನ್ಯಾಯ ಕಾಯಿದೆಯೂ ಇದನ್ನು ಮನಗಂಡಿದೆ. ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು. ಬಾಲಮಂದಿರಕ್ಕೆ ಸೇರಿಸುವುದು ಕಟ್ಟಕಡೆಯ ಉಪಾಯ ಎಂಬುದು ಅದರ ತತ್ತ್ವ. ಈ ತತ್ತ್ವಕ್ಕನುಸಾರವಾಗಿ ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ, ವಿಧವೆಯರ ಮಕ್ಕಳೇ ಮೊದಲಾದ ಅರ್ಹ ಮಕ್ಕಳಿಗೆ, ನಿಯಮಗಳಿಗೆ ಒಳಪಟ್ಟು, ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವದ ನೆರವುಂಟು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇದನ್ನು ವಿಚಾರಿಸಬಹುದು. ಮೇಲೆ ಹೇಳಿದ ತಾಯಿಗೂ ಈ ಸಂಗತಿ ತಿಳಿದುದು ಟೀಚರಮ್ಮನಿಂದಲೇ.

ಕಷ್ಟ ಕೈಮೀರಿದಾಗ 1098 ಎಂಬ ಮಕ್ಕಳ ಸಹಾಯವಾಣಿ ಇದೆ. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಈ ಸೇವೆಗೆ ಹಗಲಿರುಳೆನ್ನದೆ ಯಾರು ಬೇಕಾದರೂ ಹಣವಿಲ್ಲದೆ ಕರೆ ಮಾಡಬಹುದು. ಪಾಲನೆ, ರಕ್ಷಣೆ ಬೇಕಾದ ಮಗು ಸಿಕ್ಕಾಗ, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕೆಂದು ಕಾಯಿದೆ ಹೇಳುತ್ತದೆ.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಅಂಗನವಾಡಿಯ ಪಾಠಕ್ಕೆ ಮಗುವಿಗೆ ಮೂರು ವರ್ಷ ತುಂಬಬೇಕು. ಅದಕ್ಕಿಂತ ಚಿಕ್ಕ ಕೂಸನ್ನು ಹಗಲೆಲ್ಲ ಯಾರು ನೋಡಬೇಕು? ಹಳ್ಳಿಯ ಕೂಲಿ ತಾಯಂದಿರಿಗಾಗಿ 2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಯೋಜಿಸಿತು. ಸಿರುಗುಪ್ಪದ ಗದ್ದೆಯಲ್ಲಿ ದುಡಿಯುವ ತಾಯಿಗೆ ಬೇಕಾದುದು ಕೌಲ್ ಬಜಾರಿನಲ್ಲಿ ದುಡಿಯುವ ತಾಯಿಗೂ ಬೇಕು. ಅಂಥ ಮನೆ ಹತ್ತಿರವಿಲ್ಲದ ಕಡೆ, ಕೂಸಿನ ಭಾರ ಅದರ ಅಕ್ಕನ ಸೊಂಟಕ್ಕೇ ಬೀಳುತ್ತದೆ.

ಸಹಪಾಠಿಗಳೇ, ನಾವು ಅಧಿಕಾರಿಗಳಲ್ಲ, ಶ್ರೀಮಂತರೂ ಅಲ್ಲ. ಆದರೆ ಅರ್ಜಿ ಬರೆಯಬಲ್ಲೆವು, ನಿಯಮ ಓದಬಲ್ಲೆವು. ನಮ್ಮ ಕೇರಿಯಲ್ಲಿ ಶಾಲೆಯ ವೇಳೆಗೆ ಕೂಸನ್ನು ಎತ್ತಿಕೊಂಡು ನಿಂತ ಹುಡುಗಿ ಕಂಡರೆ, ಸುಮ್ಮನೆ ದಾಟಿ ಹೋಗದೆ ಒಂದು ಮಾತು ಕೇಳೋಣ. ಸಮಾಜ ಮಗುವಿಗೆ ಕೊಟ್ಟ ಕೌಲು ನಡೆಯತೊಡಗುವುದು ಆ ಮಾತಿನಿಂದಲೇ.