ನಿದ್ದೆ ಬಾರದ ರಾತ್ರಿ ಅವಿಶ್ವಾಸವಲ್ಲ

ಕೀರ್ತನೆ 77 ಮತ್ತು 1 ಅರಸುಗಳು 19 ತೆಗೆದಿಟ್ಟುಕೊಳ್ಳಿ. ಪಾಠಕ್ಕೆ ಮೊದಲು ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಎರಡು ವರ್ಷದ ಹಿಂದೆ ಯೌವನಸ್ಥರ ಕೂಟದ ಒಬ್ಬ ತಮ್ಮ ಬಂದು, "ಪಾಸ್ಟರ್, ನಾಲ್ಕು ತಿಂಗಳಾಯ್ತು, ಮಾತ್ರೆ ಇಲ್ಲದೆ ನಿದ್ದೆನೇ ಬರ್ತಿಲ್ಲ" ಅಂದ. ನಾನು ಏನೂ ವಿಚಾರಿಸಲಿಲ್ಲ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ನಂಬಿಕೆ ಇಡು ತಮ್ಮಾ, ಮಾತ್ರೆ ಬಿಟ್ಟುಬಿಡು" ಅಂದೆ. ಅವನು ಬಿಟ್ಟ. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ, ಕೈ ನಡುಗೋಕೆ ಶುರುವಾಯ್ತು. ಅವನ ಅಕ್ಕ ಫೋನ್ ಮಾಡಿದಾಗಲೇ ನನಗೆ ಗೊತ್ತಾಗಿದ್ದು. ಡಾಕ್ಟರ್ ಹತ್ತಿರ ನಾನೂ ಹೋದೆ. ಕೆಲವು ನಿದ್ದೆ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಅಂತ ಅವರು ವಿವರಿಸಿದರು. ಹೊರಗೆ ಬಂದ ಮೇಲೆ ಆ ಹುಡುಗ ನನ್ನನ್ನು ಬೈಯಲಿಲ್ಲ. "ನನ್ನ ನಂಬಿಕೆ ಸಾಲದೇ ಹೋಯ್ತಾ ಪಾಸ್ಟರ್?" ಅಂತ ಕೇಳಿದ. ಪ್ರಿಯರೇ, ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸತ್ಯವೇದ ಏನು ತೋರಿಸುತ್ತದೆ?

77ನೇ ಕೀರ್ತನೆ ಆಸಾಫನದು. ದೇವರ ಮುಂದೆ ಹಾಡು ನಡೆಸಿದ ಗಾಯಕ ಅವನು. ಅದೇ ಮನುಷ್ಯ ರಾತ್ರಿಯೆಲ್ಲಾ ಕಣ್ಣು ಮುಚ್ಚಲಾಗದೆ, ಮಾತೂ ಹೊರಡದೆ ಕಳವಳಪಡುತ್ತಾನೆ. ಅವನ ನಿದ್ದೆ ಹೋಗಿತ್ತು, ಆದರೂ ದೇವರನ್ನು ಕರೆಯುವುದು ನಿಲ್ಲಲಿಲ್ಲ.

ಇನ್ನು ಎಲೀಯನನ್ನು ನೋಡಿ. ಈಜೆಬೆಲಳ ಬೆದರಿಕೆಗೆ ಓಡಿ ಬಂದು, ಗಿಡದ ಕೆಳಗೆ ಕೂತು ಸಾವು ಕೇಳುತ್ತಾನೆ. ದೇವದೂತ ಬಂದು ಅವನಿಗೆ ಪ್ರಸಂಗ ಮಾಡಿದನಾ? ಇಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೇವರು ಅವನ ಶರೀರವನ್ನು ಮೊದಲು ನೋಡಿಕೊಂಡರು; ಹೋರೇಬಿನ ಮಾತು ಆಮೇಲೆ ಬಂತು. ನಾನು ಅದನ್ನು ತಿರುಗಾಮುರುಗಾ ಮಾಡಿದ್ದೆ.

ನಿದ್ರಾಹೀನತೆ ಅಂದರೇನು?

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಕೆಟ್ಟರೆ ಅದು ಕಾಯಿಲೆಯಲ್ಲ. ಮಲಗಲು ಸಮಯ, ಜಾಗ ಎರಡೂ ಇದ್ದು, ವಾರಕ್ಕೆ 3 ರಾತ್ರಿಯಾದರೂ ನಿದ್ದೆ ಹತ್ತದೆ ಅಥವಾ ಮಧ್ಯದಲ್ಲಿ ಮುರಿದು, ಹಗಲಿನ ಕೆಲಸ ಕೆಡುತ್ತಾ, ಇದು 3 ತಿಂಗಳು ನಡೆದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅನ್ನುತ್ತಾರೆ.

ಇಲ್ಲೊಂದು ಮುಖ್ಯ ವಿಷಯ. ನಿದ್ದೆ ಕೆಡಿಸಲು ಶುರುಮಾಡಿದ ಕಾರಣ ಬೇರೆ, ಅದನ್ನು ಮುಂದುವರಿಸುವ ಕಾರಣ ಬೇರೆ ಇರಬಹುದು. ಕೆಲಸ ಹೋಯ್ತು, ಮನೆಯಲ್ಲಿ ಸಾವಾಯ್ತು, ನಿದ್ದೆ ಕೆಟ್ಟಿತು. ಆಮೇಲೆ ನಾವೇನು ಮಾಡ್ತೀವಿ? ಬೇಗ ಹೋಗಿ ಮಲಗ್ತೀವಿ, ಭಾನುವಾರ ಮಧ್ಯಾಹ್ನ ಮೂರು ಗಂಟೆ ನಿದ್ದೆ ಹೊಡೀತೀವಿ, ಹಾಸಿಗೆಯಲ್ಲೇ ಫೋನ್ ಹಿಡೀತೀವಿ, ಗಳಿಗೆಗೊಮ್ಮೆ ಟೈಮ್ ನೋಡ್ತೀವಿ. ಕಷ್ಟ ಕಳೆದ ಮೇಲೂ ಈ ಅಭ್ಯಾಸ ಉಳಿಯುತ್ತದೆ. ಹಾಸಿಗೆ ಕಂಡರೆ ಸಾಕು, ಎಚ್ಚರವಾಗೋದನ್ನು ಮೆದುಳು ಕಲಿತುಬಿಡುತ್ತದೆ.

ಏನು ಮಾಡಬೇಕು?

ಒಂದು, ಏಳುವ ಸಮಯ ಒಂದೇ ಇರಲಿ. ರಾತ್ರಿ ಎಷ್ಟೇ ಕೆಟ್ಟಿದ್ದರೂ, ರಜೆಯ ದಿನವೂ ಅದೇ ಹೊತ್ತಿಗೆ ಎದ್ದು ಬೆಳಗಿನ ಬೆಳಕಿಗೆ ಬನ್ನಿ.

ಎರಡು, ನಿದ್ದೆ ತೂಗಿದಾಗ ಮಾತ್ರ ಮಲಗಿ. ಸುಮಾರು 20 ನಿಮಿಷ ಆದಂತೆ ಅನಿಸಿಯೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂರಿ. ತೂಕಡಿಕೆ ಬಂದಾಗ ವಾಪಸ್ ಹೋಗಿ. ಗಡಿಯಾರ ನೋಡಬೇಡಿ. ರಿಚರ್ಡ್ ಬೂಟ್ಜಿನ್ ಎಂಬ ಮನೋವಿಜ್ಞಾನಿ 1972ರಲ್ಲಿ ಹೇಳಿಕೊಟ್ಟ ಕ್ರಮ ಇದು. ಹಾಸಿಗೆ ನಿದ್ದೆಯ ಜಾಗ ಅಂತ ಮೆದುಳಿಗೆ ಮತ್ತೆ ಕಲಿಸೋದು.

ಮೂರು, ಸಂಜೆಯ ಕಾಫಿ, ಟೀ ಬಿಡಿ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು 5 ಗಂಟೆಯ ನಂತರವೂ ಮೈಯಲ್ಲಿರುತ್ತದೆ.

ನಾಲ್ಕು, ಚಿಂತೆಗಳನ್ನು ಸಂಜೆಯೇ ಒಂದು ಹಾಳೆಯಲ್ಲಿ ಬರೆದು, ಅದನ್ನಿಟ್ಟುಕೊಂಡು ಪ್ರಾರ್ಥಿಸಿ. ಆದರೆ ಪ್ರಾರ್ಥನೆಯನ್ನು ನಿದ್ದೆ ಮಾತ್ರೆ ಮಾಡಿಕೊಳ್ಳಬೇಡಿ. "ಪ್ರಾರ್ಥಿಸಿದೆನಲ್ಲ, ಇನ್ನೂ ಯಾಕೆ ಬರಲಿಲ್ಲ?" ಅಂತ ಕಾಯುತ್ತಾ ಕೂತರೆ ಅದೂ ಒಂದು ಹೋರಾಟವಾಗುತ್ತದೆ. ನಿದ್ದೆಯನ್ನು ಹಿಡಿಯಲು ಹೋದಷ್ಟೂ ಅದು ದೂರ ಓಡುತ್ತದೆ.

ಈ ಅಭ್ಯಾಸಗಳನ್ನೂ ಮನಸ್ಸಿನ ಭಯಗಳನ್ನೂ ಒಟ್ಟಿಗೆ ಸರಿಪಡಿಸುವ ಚಿಕಿತ್ಸೆ ಇದೆ. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಸಲಹೆ ಮಾಡಿತು. ಕೆಲವೇ ವಾರಗಳ ಕೆಲಸ, ಆದರೆ ಶುರುವಿನಲ್ಲಿ ಕಷ್ಟ ಅನಿಸಬಹುದು.

ಜೋರು ಗೊರಕೆಯ ಮಧ್ಯೆ ಉಸಿರು ನಿಂತಂತಾಗುವವರು, ಬದುಕೇ ಬೇಡ ಅನಿಸುವವರು ಮನೆಮದ್ದಿನಲ್ಲಿ ದಿನ ಕಳೆಯಬೇಡಿ, ಡಾಕ್ಟರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡುತ್ತಾರೆ. ಮಾತ್ರೆ ತಗೊಳ್ತಿರೋರು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಯಾವ ಪಾಸ್ಟರ್ ಹೇಳಿದರೂ ಸರಿ, ನಾನು ಹೇಳಿದರೂ ಸರಿ. ನೈಟ್ ಶಿಫ್ಟ್‌ನವರೇ, ನಿಮ್ಮದು ಶರೀರದ ಗಡಿಯಾರದ ತೊಂದರೆಯೂ ಇರಬಹುದು, ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಚಿಕಿತ್ಸೆಯಲ್ಲಿರುವವರು ಇಡೀ ರಾತ್ರಿಯ ಪ್ರಾರ್ಥನೆಗೆ ಬರದಿದ್ದರೆ ಯಾರೂ ಪ್ರಶ್ನಿಸಬಾರದು.

ಆ ತಮ್ಮನಿಗೆ ಈಗ ಪ್ರತಿ ರಾತ್ರಿ ಒಳ್ಳೆಯ ನಿದ್ದೆ ಅಂತ ನಾನು ಸಾಕ್ಷಿ ಹೇಳಲಾರೆ. ಮಾತ್ರೆ ನಿಧಾನವಾಗಿ ಇಳಿದು ನಿಂತಿದೆ. ವಾರದಲ್ಲಿ ಒಂದು ರಾತ್ರಿ ಈಗಲೂ ಕೆಡುತ್ತದೆ. "ಕೆಟ್ಟರೆ ಕೆಡಲಿ ಪಾಸ್ಟರ್, ಎದ್ದು ಕೂತ್ಕೊಳ್ತೀನಿ, ದೇವರೂ ಎಚ್ಚರವಾಗೇ ಇರ್ತಾರಲ್ಲ" ಅಂತ ನಗ್ತಾನೆ. ಅವನ ನಂಬಿಕೆ ಅವತ್ತೂ ಸಾಕಷ್ಟಿತ್ತು. ಸಾಲದೇ ಹೋಗಿದ್ದು ನನ್ನ ತಿಳುವಳಿಕೆ.

ಈ ವಾರ ಒಂದೇ ಕೆಲಸ ಮಾಡಿ: ಏಳುವ ಸಮಯ ಗೊತ್ತುಮಾಡಿ, ಏಳು ದಿನ ಪಾಲಿಸಿ. ಮುಂದಿನ ಭಾನುವಾರ ಬಂದು ಹೇಳಿ. ನಿದ್ದೆಯಿಲ್ಲದ ಪ್ರತಿಯೊಬ್ಬರನ್ನೂ ಕರ್ತನು ಈ ರಾತ್ರಿ ನೆನಪುಮಾಡಿಕೊಳ್ಳಲಿ. ಆಮೆನ್.