ಅನುಮಾನ ಪಡುವವರ ಮೇಲೆ ಮುನಿಸು ಬೇಡ, ಮಗಳೇ

ರಾಮನಗರ



ನೀನು ಸೇರಿರುವ ಕಂಪನಿ ಹೊಸ ಕ್ರಿಪ್ಟೊ ಟೋಕನ್ ಬಿಡುಗಡೆ ಮಾಡುತ್ತಿದೆಯೆಂದು ನಿಮ್ಮಮ್ಮ ಹೇಳಿದಳು. ಚನ್ನಪಟ್ಟಣದ ಮಾವ ‘ಇದೆಲ್ಲ ಮೋಸ’ ಎಂದು ನಿನ್ನ ಮುಖದ ಮೇಲೇ ಅಂದರಂತೆ. ದುಡ್ಡು ಹಾಕುತ್ತೇನೆಂದಿದ್ದ ಮಾಗಡಿಯ ಅತ್ತೆಯೂ ಹಿಂದೆ ಸರಿದರಂತೆ. ನೀನು ನೊಂದು ಯಾರ ಫೋನೂ ತೆಗೆಯುತ್ತಿಲ್ಲವೆಂದು ಕೇಳಿ ನನಗೆ ಸಂಕಟವಾಯಿತು.

ನಿನ್ನ ಪ್ರಾಮಾಣಿಕತೆಯಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿಲ್ಲ ಕಣಮ್ಮ. ಅವರ ಅನುಮಾನವೆಲ್ಲ ಆ ಟೋಕನ್ ಮೇಲೆ. ಈ ಎರಡನ್ನೂ ನೀನು ಬೇರೆ ಬೇರೆಯಾಗಿ ನೋಡಬೇಕು.

ನಮ್ಮೂರ ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ನೋಡು. ರೈತ ತಿಂಗಳುಗಟ್ಟಲೆ ಹಿಪ್ಪುನೇರಳೆ ಬೆಳೆದು, ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಹಾಕಿ ಗೂಡು ತಂದಿರುತ್ತಾನೆ. ಆದರೂ ನೂಲು ತೆಗೆಯುವ ರೀಲರ್ ಒಂದು ಹಿಡಿ ಎತ್ತಿ, ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೇಕಾದರೆ ಒಂದೆರಡನ್ನು ಕತ್ತರಿಸಿ ನೋಡಿಯೇ ಬೆಲೆ ಕಟ್ಟುವುದು. ಅದನ್ನು ಅವಮಾನವೆಂದುಕೊಂಡು ಗೂಡು ಮುಚ್ಚಿಟ್ಟ ರೈತನನ್ನು ನಾನು ಕಂಡಿಲ್ಲ. ಒಳ್ಳೆಯ ಗೂಡು ತಂದವನು ‘ಇನ್ನೊಂದು ಹಿಡಿ ನೋಡಿ’ ಎಂದು ತಾನೇ ಮುಂದೆ ತಳ್ಳುತ್ತಾನೆ. ನಿಮ್ಮ ಕಂಪನಿಯೂ ಹಾಗೆ ತಳ್ಳುತ್ತಿದೆಯೇ?

ಜನ ಹೆದರುವುದಕ್ಕೆ ಕಾರಣವಿದೆ. 2019ರ ಜೂನ್‌ನಲ್ಲಿ ಜನರಿಂದ ಹೂಡಿಕೆ ಪಡೆದಿದ್ದ ಬೆಂಗಳೂರಿನ ಐಎಂಎ ಕಂಪನಿ ಬಾಗಿಲು ಹಾಕಿದಾಗ ದೂರು ಕೊಡಲು ಸಾವಿರಾರು ಜನ ಸಾಲು ನಿಂತದ್ದನ್ನು ಟಿವಿಯಲ್ಲಿ ನಾವೆಲ್ಲ ನೋಡಿದೆವು. ಆಮೇಲೆ ಬಂದದ್ದು ಮೋರಿಸ್ ಕಾಯಿನ್. ಅದರ ಕಥೆ ನಿನ್ನ ಕೆಲಸಕ್ಕೆ ಇನ್ನೂ ಹತ್ತಿರದ್ದು. ಹೊಸ ಕಾಯಿನ್ ಬಿಡುಗಡೆಗೆಂದೇ ಜನರಿಂದ ಹಣ ಎತ್ತಿದರು. ದಿನಕ್ಕೆ ಶೇ 3ರಿಂದ 5ರಷ್ಟು ಲಾಭದ ಆಸೆ ತೋರಿಸಿದರು. ದಿನಕ್ಕೆ, ಮಗಳೇ! ಬ್ಯಾಂಕಿನವರು ವರ್ಷವಿಡೀ ಕಾಯಿಸಿ ಕೊಡುವ ಬಡ್ಡಿಯನ್ನು ಇವರು ಎರಡು ಮೂರು ದಿನದಲ್ಲಿ ಕೊಡುವವರು. ಸುಮಾರು 1,200 ಕೋಟಿ ರೂಪಾಯಿ ಎತ್ತಿದರೆಂಬ ಆರೋಪ. 2022ರ ಜನವರಿಯಲ್ಲಿ ಜಾರಿ ನಿರ್ದೇಶನಾಲಯ ಮುಟ್ಟುಗೋಲು ಹಾಕಿಕೊಂಡದ್ದು 36.72 ಕೋಟಿಯ ಆಸ್ತಿ. ನಡುವಿನ ಅಂತರವನ್ನು ನೀನೇ ಲೆಕ್ಕ ಹಾಕು.

ಹೊರದೇಶದ್ದೂ ಒಂದನ್ನು ಹೇಳಿಬಿಡುತ್ತೇನೆ. 2021ರಲ್ಲಿ ‘ಸ್ಕ್ವಿಡ್ ಗೇಮ್’ ಧಾರಾವಾಹಿಯ ಹೆಸರಿನಲ್ಲಿ ಒಂದು ಟೋಕನ್ ಬಂತು. ಬೆಲೆ 2,800 ಡಾಲರ್ ದಾಟಿತು. ಕೊಂಡವರಿಗೆ ಮಾತ್ರ ಅದನ್ನು ಮಾರಲು ಆಗುತ್ತಿರಲಿಲ್ಲ. ನವೆಂಬರ್ 1ರಂದು ನಿಮಿಷಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಬಿತ್ತು. ಮಾಡಿದವರು ಹಣದೊಂದಿಗೆ ಮಾಯವಾದರು.

ಹಾಗಂತ ಎಲ್ಲರೂ ಕಳ್ಳರೆಂದು ನಾನು ಹೇಳುವುದಿಲ್ಲ. ಬಿಟ್‌ಕಾಯಿನ್ 2.1 ಕೋಟಿಗಿಂತ ಹೆಚ್ಚು ಬರುವಂತಿಲ್ಲ ಎಂಬ ನಿಯಮ ಎಲ್ಲರ ಕಣ್ಣೆದುರಿಗೇ ಇದೆ. ಅಂಥ ನಿಯಮ ನಿಮ್ಮದರಲ್ಲಿ ಇದೆಯೇ? ಒಟ್ಟು ಎಷ್ಟು ಟೋಕನ್, ಸ್ಥಾಪಕರು ಇಟ್ಟುಕೊಂಡದ್ದೆಷ್ಟು, ತಮ್ಮ ಪಾಲನ್ನು ಅವರು ಯಾವಾಗಿನಿಂದ ಮಾರಬಹುದು, ಟೋಕನ್ನಿನ ಕಂಪ್ಯೂಟರ್ ಕೋಡ್ ಅನ್ನು ಹೊರಗಿನವರು ಪರೀಕ್ಷಿಸಿದ್ದಾರೆಯೇ? ಈ ಕೊನೆಯ ಎರಡೇ ಮುಖ್ಯ. ಮೊದಲ ದಿನವೇ ಸ್ಥಾಪಕರು ಮಾರಿಕೊಳ್ಳಬಹುದಾದರೆ, ಮಾಗಡಿಯ ಅತ್ತೆಯಂಥವರು ಹಾಕುವ ದುಡ್ಡು ಆ ಸ್ಥಾಪಕರ ಜೇಬಿಗೇ ಹೋಗುತ್ತದೆ. ಲಾಭ ಬಂದರೂ ಶೇ 30 ತೆರಿಗೆ, ನಷ್ಟವಾದರೆ ಅದನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. 2022ರಿಂದ ಇದೇ ಕಾನೂನು. ಇದನ್ನು ಅತ್ತೆಗೆ ಹೇಳಿದ್ದೆಯಾ?

ಈ ಪ್ರಶ್ನೆಗಳನ್ನು ನಿನ್ನ ಮೇಲಿನವರಿಗೆ ನೀನೇ ಕೇಳು. ಬರಹದಲ್ಲಿ ಉತ್ತರ ಕೊಟ್ಟರೆ ಮಾವನ ಮುಂದೆ ಇಡು, ಅವರು ಓದುತ್ತಾರೆ. ಕೋಪ ಜಾಸ್ತಿಯಾದರೂ ಲೆಕ್ಕ ಗೊತ್ತಿರುವ ಮನುಷ್ಯ. ಉತ್ತರದ ಬದಲು ಮೇಲಿನವರು ‘ನಿನಗೆ ನಂಬಿಕೆಯಿಲ್ಲವೇ’ ಎಂದು ನಿನ್ನನ್ನೇ ಗದರಿಸಿದರೆ ಅಲ್ಲಿ ನಿಲ್ಲಬೇಡ. ಕೆಲಸ ಇನ್ನೊಂದು ಸಿಗುತ್ತದೆ, ಅಲ್ಲಿಯವರೆಗೆ ಮನೆ ಇದೆ.

ಉತ್ತರ ಬರುವವರೆಗೂ ಕನಕಪುರದ ಗೆಳತಿಯರಿಂದಾಗಲಿ ನೆಂಟರಿಂದಾಗಲಿ ಒಂದು ರೂಪಾಯಿಯನ್ನೂ ಎತ್ತಬೇಡ. ಈಗಾಗಲೇ ಯಾರಾದರೂ ಕೊಟ್ಟಿದ್ದರೆ ಅವರ ಹೆಸರು, ಮೊತ್ತ ಬರೆದುಕೊಂಡು ಭಾನುವಾರ ಬಾ. ಇಬ್ಬರೂ ಕೂತು ಯಾರಿಗೆ ಹೇಗೆ ಹಿಂದಿರುಗಿಸುವುದೆಂದು ನೋಡೋಣ.

ನಿನ್ನ ಪ್ರೀತಿಯ
ದೊಡ್ಡಪ್ಪ